ಚುಕ್ಕೆ ತೆನೆ, ಅಕ್ಕನ ತಾಟು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಹಿರಿಯೂರಿನ ಪಕ್ಕದ ಬಬ್ಬೂರು ಫಾರಂನಲ್ಲಿ ಸಹಾಯಕನಾಗಿದ್ದೆ. ಅಂದರೆ ಮಹಾ ವಿಜ್ಞಾನಿ. ಒಮ್ಮೆ ಕಾಳುಗಳ ಮೇಲೆಲ್ಲ ನೇರಳೆ ಚುಕ್ಕೆ ಬಿದ್ದ ಮೆಕ್ಕೆಜೋಳದ ತೆನೆಯೊಂದು ಸಿಕ್ಕಿತು. ಸಾಹೇಬರು ನೋಡಿ, "ಬೆರಕೆ ಬೀಜ ಕಣಯ್ಯ, ದನಕ್ಕೆ ಹಾಕು" ಎಂದರು. ಅವರ ಸಂಶೋಧನೆ ಅಷ್ಟಕ್ಕೇ ಮುಗಿಯಿತು.

ನಾನು ಬಿಡುವ ಆಸಾಮಿಯೇ? ಜಿರಳೆಗಳಷ್ಟೇ ಓದುತ್ತಿದ್ದ ಬೀರುವಿನ ಪತ್ರಿಕೆಗಳನ್ನು ತಿರುವಿಹಾಕಿದೆ. ಜೀನುಗಳ ನಡುವೆ ಜಾಗದಿಂದ ಜಾಗಕ್ಕೆ ಜಿಗಿಯುವ ತುಣುಕುಗಳಿವೆಯಂತೆ, ಚುಕ್ಕೆಗಳು ಅವುಗಳ ಕಿತಾಪತಿಯಂತೆ. ಹೊಸ ಸಂಚಿಕೆಯೊಂದರಲ್ಲಿ, ರೋಗದೊಡನೆ ಕಾದಾಡುವ ನಮ್ಮ ರಕ್ತಕಣಗಳೂ ತಮ್ಮ ಜೀನುಗಳನ್ನು ಕತ್ತರಿಸಿ, ಬೇರೆ ಬೇರೆ ಬಗೆಯಲ್ಲಿ ಜೋಡಿಸಿ, ಹೊಸ ಹೊಸ ಆಯುಧ ಮಾಡಿಕೊಳ್ಳುತ್ತವೆ ಎಂದಿತ್ತು. ಕತ್ತರಿ ತಪ್ಪು ಜಾಗಕ್ಕೆ ಬಿದ್ದರೆ ಆ ಕಣವೇ ಕ್ಯಾನ್ಸರ್ ಆದೀತೇ ಎಂಬ ಅನುಮಾನವೂ ಇತ್ತು. ಆ ಕತ್ತರಿ ಹುಟ್ಟಿದ್ದೇ ಜಿಗಿಯುವ ತುಣುಕುಗಳ ಕುಲದಲ್ಲಿ ಎಂದು ತಿಳಿದದ್ದು ಬಹಳ ವರ್ಷಗಳ ಮೇಲೆ.

ಅಂದು ಓದುತ್ತಿದ್ದವನು ತಟ್ಟನೆ ಎದ್ದು ನಿಂತೆ. ಮತ್ತೋಡು ಎಂಬ ಹಳ್ಳಿಗೆ ಮದುವೆ ಮಾಡಿಕೊಟ್ಟಿದ್ದ ನನ್ನ ಅಕ್ಕನಿಗೆ ಕುತ್ತಿಗೆಯ ಗಂಟುಗಳಲ್ಲಿ ಅಂಥ ಕಣಗಳದೇ ಕ್ಯಾನ್ಸರ್. ಅಂಟುರೋಗವೆಂದು ಅವಳ ಅತ್ತೆ ಅವಳನ್ನು ತಾಟು, ಚಾಪೆ ಸಮೇತ ಕುರಿರೊಪ್ಪದ ಗುಡಿಸಲಿಗೆ ಹಾಕಿದ್ದರು. ಅಕ್ಕನನ್ನು ಮನೆಯೊಳಕ್ಕೆ ಸೇರಿಸಿಯೇ ತೀರುತ್ತೇನೆಂದು ತೆನೆಯನ್ನು ಚೀಲಕ್ಕೆ ತುರುಕಿ ಬಸ್ಸು ಹತ್ತಿದೆ.

ಅವರ ಮನೆ ಜಗಲಿಯಲ್ಲಿ ತೆನೆ ಹಿಡಿದು ಅರ್ಧ ಗಂಟೆ ಭಾಷಣ ಬಿಗಿದೆ. ಆ ಅತ್ತೆ ಎಲೆಯಡಿಕೆ ಜಗಿಯುತ್ತ ಕೇಳಿದರು.

"ಬೇಲಿನೇ ಎದ್ದು ಹೊಲ ಮೇಯ್ತು ಅನ್ನು. ಇಷ್ಟಕ್ಕೆ ತೆನೆ ಯಾಕಪ್ಪ ಹೊತ್ಕಂಡು ಬಂದೆ?"

ಮುದುಕಿ ನನ್ನ ಪತ್ರಿಕೆಗಳಿಗಿಂತ ಚುರುಕು!

"ಹೂಂ ಕಣಮ್ಮ. ಹೊರಗಿಂದ ಬಂದಿದ್ದಲ್ಲ. ಅಂಟಲ್ಲ, ನನ್ನಾಣೆ."

ಅವರು ಎದ್ದುಹೋಗಿ ಅಕ್ಕನನ್ನು ಕರೆತಂದು ನನ್ನೆದುರು ಕೂರಿಸಿದರು. ಅವಳ ತಾಟಿಗೇ ಎರಡು ಮುದ್ದೆ ಇಟ್ಟು ಸಾರು ಬಿಟ್ಟರು.

"ಇಬ್ರೂ ಒಂದೇ ತಾಟ್ನಾಗೆ ಉಣ್ರಿ. ನೀನುಂಡ್ರೆ ಇವತ್ನಿಂದ ಇವಳು ಒಳಗೇ ಇರ್ತಾಳೆ."

ಅಕ್ಕ ಒಂದು ತುತ್ತು ಮುರಿದು ಸಾರಿನಲ್ಲಿ ಅದ್ದಿದಳು. ಚಿಕ್ಕಂದಿನಲ್ಲಿ ಅವಳ ಎಂಜಲು ತಿಂದೇ ಬೆಳೆದವನು ನಾನು. ಜೀನು, ಕತ್ತರಿ, ಜಿಗಿತ ಎಲ್ಲ ಬಲ್ಲ ಮಹಾ ವಿಜ್ಞಾನಿಯ ಕೈ ಮಾತ್ರ ಮೊಣಕಾಲಿನ ಮೇಲಿಂದ ಏಳಲಿಲ್ಲ. ಥೂ ನನ್ನ ಜನ್ಮಕ್ಕೆ!

ಅಕ್ಕ ನನ್ನ ಕೈಯನ್ನೇ ನೋಡಿದಳು.

"ಬಿಡ್ರಿ ಅತ್ತೆ, ಅವನು ಬಸ್ ಸ್ಟ್ಯಾಂಡ್ನಾಗೆ ಉಂಡೇ ಬಂದಾನೆ" ಎಂದವಳೇ, ತಾಟೆತ್ತಿಕೊಂಡು ತಾನಾಗಿಯೇ ಗುಡಿಸಲ ಕಡೆ ನಡೆದಳು.