ಅವ್ವನ ಮುಖ ತಿಕ್ಕಿದ ದಿನ

ಇವತ್ತು ಮಗಳ ಚಿತ್ರದ ಪುಸ್ತಕದ ಮೇಲೆ ಬಿದ್ದಿದ್ದ ರಬ್ಬರಿನ ಪುಡಿ ಕೊಡವುವಾಗ ಅದರ ವಾಸನೆ ಮೂಗಿಗೆ ಬಡಿಯಿತು. ಮೈಯೆಲ್ಲ ಉರಿದುಹೋಯಿತು.

ನಾನು ಚಿಕ್ಕವಳಿದ್ದಾಗ ಇಳಕಲ್ಲಿನ ನಮ್ಮ ಶಾಲೆಯಲ್ಲಿ ಚಿತ್ರ ಸ್ಪರ್ಧೆ ಇತ್ತು. ನಾನು ಮಗ್ಗದಲ್ಲಿ ಕೂತ ಅವ್ವನನ್ನು ಬರೆದಿದ್ದೆ. ಹಾಳೆಯ ಕೆಳಗೆ ಅವಳ ಸೀರೆ ಹಾಸಿ, ಪೆನ್ಸಿಲ್ ಅಡ್ಡ ಹಿಡಿದು ಉಜ್ಜಿದರೆ ನೇಯ್ಗೆಯ ಎಳೆಗಳು ತಾವಾಗಿಯೇ ಮೂಡುತ್ತವೆ ಎಂಬುದನ್ನು ನಾನೇ ಕಂಡುಕೊಂಡಿದ್ದೆ. ಮುಖಕ್ಕೆ ಮಾತ್ರ ಮೂರು ದಿನ ಹಿಡಿಯಿತು. ಗೆರೆಯ ಮೇಲೆ ಗೆರೆ ಎಳೆದು, ಬೆರಳಿನಿಂದ ಸವರಿ, ಅವ್ವನ ಕಪ್ಪು ಕೆನ್ನೆಯ ಮೇಲೆ ಕಿಟಕಿಯ ಬೆಳಕಿಗೆಂದು ಚೂರೇ ಚೂರು ಬಿಳಿ ಉಳಿಸಿದ್ದೆ.

ಚಿತ್ರಕಲೆಯ ಮಾಸ್ತರರು ನೋಡಿ ನಕ್ಕರು. "ಏನ್ ಹುಡುಗಿ ಇದು, ರೊಟ್ಟಿ ಹಂಚಿನ ತಳಾ ಬರದಂಗ ಬರದೀಯಲ್ಲ? ಮುಖ ಬೆಳ್ಳಗಿದ್ರ ಬಹುಮಾನ ಬರ್ತದ. ತಿಕ್ಕು."

"ಸರ, ನಮ್ಮವ್ವ ಹಿಂಗ ಅದಾಳ್ರಿ."

"ಇದ್ರ ಇರ್ಲಿ. ತಿಕ್ಕು ಅಂದ್ನೆಲ್ಲ!"

ಇಡೀ ತರಗತಿ ನಗುತ್ತಿತ್ತು. ನಾನು ರಬ್ಬರ್ ಹಿಡಿದು ಅವ್ವನ ಮುಖ ಬೆಳ್ಳಗಾಗುವವರೆಗೆ ತಿಕ್ಕಿದೆ. ಮೊದಲ ಬಹುಮಾನವೂ ಬಂತು.

ಬಹುಮಾನ ಕೊಡುವ ದಿನ ಅವ್ವ ಮಗ್ಗ ಬಿಟ್ಟು ಬಂದಿದ್ದಳು. ಗೋಡೆಗೆ ಅಂಟಿಸಿದ್ದ ಚಿತ್ರದ ಮುಂದೆ ಬಹಳ ಹೊತ್ತು ನಿಂತು, ಮುಖದಲ್ಲಿ ತಿಕ್ಕಿದ ಗುರುತಿನ ಮೇಲೆ ಬೆರಳಾಡಿಸಿ, "ಸೀರಿ ನಂದ ಐತಿ. ಮುಖ ಯಾರದವಾ?" ಎಂದು ಕೇಳಿದಳು.

ಆ ಮಾಸ್ತರರ ಮೇಲಿನ ಸಿಟ್ಟು ಇಂದಿಗೂ ಆರಿಲ್ಲ. ತಿಕ್ಕಿದ ನನ್ನ ಕೈಯ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ. ಈಗ ಊರಿಗೆ ಹೋದಾಗಲೆಲ್ಲ, "ಕುಂದ್ರವ್ವಾ, ನಿನ್ನ ಚಿತ್ರ ಬರೀತೇನಿ" ಎನ್ನುತ್ತೇನೆ. ಅವ್ವ ಸೆರಗು ಸರಿಮಾಡಿಕೊಂಡು ಎದ್ದುಬಿಡುತ್ತಾಳೆ.

"ಬ್ಯಾಡವಾ, ಮತ್ತ ತಿಕ್ಕಬೇಕಾಗ್ತದ."