ಹನ್ನೆರಡೂವರೆಯ ಪೆಟ್ಟು

ನೆವೆಂಕಾ ಮಿಯಾತೊವ್ ಬಗ್ಗದ ಹೆಂಗಸು. ಬೇಡಿಕೊಂಡರೂ ಬಗ್ಗಳು, ಬೈದರೂ ಬಗ್ಗಳು. ತನಗಾಗಿಯೂ ಒಂದು ನಿಮಿಷವನ್ನೂ ಅತ್ತಿತ್ತ ಮಾಡಳು. ಇದನ್ನು ಕೋಪದಿಂದ ಹೇಳುತ್ತಿಲ್ಲ. ಇಪ್ಪತ್ತೊಂಬತ್ತು ವರ್ಷ ಅಂಚೆ ಕಚೇರಿಯಲ್ಲಿ ಅವಳ ಕಿಟಕಿಯ ಮುಂದೆ ನಿಂತು ತಿಳಿದುಕೊಂಡದ್ದು. ಮಧ್ಯಾಹ್ನ ಹನ್ನೆರಡಕ್ಕೆ ಆ ಕಿಟಕಿ ಮುಚ್ಚುತ್ತದೆ, ಹನ್ನೆರಡೂವರೆಗೆ ತೆರೆಯುತ್ತದೆ. ಊರುಗೋಲು ಹಿಡಿದವನು ನಿಂತಿದ್ದರೂ ಸರಿಯೇ, ಮುಳ್ಳು ಹನ್ನೆರಡನ್ನು ಮುಟ್ಟಿದೊಡನೆ ಗಾಜಿನ ಹಿಂದೆ 'ವಿರಾಮ' ಎಂಬ ರಟ್ಟಿನ ಫಲಕ ಬಂದು ಕೂರುತ್ತದೆ. ಯಾರಾದರೂ ಗೊಣಗಿದರೆ ಅವಳು ಎಡಗೈಯ ವಾಚನ್ನು ಎತ್ತಿ ತೋರಿಸಿ ಒಂದೇ ಮಾತು ಹೇಳುತ್ತಿದ್ದಳು: "ನಿಮ್ಮ ಗಡಿಯಾರ ಹಿಂದಿದೆ."

ನನಗೂ ಹೇಳಿದ್ದಳು. ಬೆಲ್‌ಗ್ರೇಡಿನ ಪಿಂಚಣಿ ಕಚೇರಿಗೆ ಅಂದೇ ಹೋಗಬೇಕಿದ್ದ ರಿಜಿಸ್ಟರ್ಡ್ ಪತ್ರ ನನ್ನ ಕೈಯಲ್ಲಿತ್ತು. ಮನೆಗೆ ಬಂದು ನೋಡಿದೆ. ನನ್ನ ಗಡಿಯಾರ ಎರಡು ನಿಮಿಷ ಹಿಂದೆಯೇ ಇತ್ತು. ಅವಳು ಹೇಳಿದ್ದು ನಿಜವಾಗಿದ್ದರಿಂದ ಸಿಟ್ಟು ಇನ್ನಷ್ಟು ಬಂತು.

ಅಂಚೆ ಕಚೇರಿಯ ಎದುರಿಗೆ, ನಾನಿರುವ ಕಟ್ಟಡದ ನೆಲಮಾಳಿಗೆಯಲ್ಲಿ, ಸ್ರೆತೆನ್ ಎಂಬವನ ಆಟದ ಕೋಣೆ ಇತ್ತು. ಮೊದಲು ಸೈಕಲ್ ರಿಪೇರಿ ಮಾಡುತ್ತಿದ್ದವನು, ಸೈಕಲ್ಲುಗಳನ್ನು ಹೊರಗೆ ಹಾಕಿ ಮೂರು ಟೀವಿ, ಮೂರು ಆಟದ ಯಂತ್ರ ತಂದಿಟ್ಟಿದ್ದ. ಒಮ್ಮೆ ಅಂಚೆಯವನಿಗೆ ಜ್ವರ ಬಂದು, ಸ್ರೆತೆನ್‌ಗೆ ಬಂದ ನೋಟೀಸನ್ನು ನೆವೆಂಕಾಳೇ ತಂದುಕೊಟ್ಟಳಂತೆ. ಸಹಿ ಹಾಕಲು ಅವನಿಗೆ ಕೈ ಬಿಡುವಿರಲಿಲ್ಲ. "ಒಂದ್ನಿಮಿಷ ಇದನ್ನ ಹಿಡ್ಕೊ ಅಕ್ಕ" ಎಂದು ಆಟದ ಹಿಡಿಯನ್ನು ಅವಳ ಕೈಗೆ ತುರುಕಿದ. ಪರದೆಯ ಮೇಲೆ ಚಕ್ರದ ಹಲಗೆಯ ಮೇಲೆ ನಿಂತ ಒಬ್ಬ ಯುವಕ, ಹಾಳುಬಿದ್ದ ಒಂದು ಹಡಗುಕಟ್ಟೆ. ಅವಳು ಒಂದು ಗುಂಡಿ ಒತ್ತಿದಳು, ಅವನು ಹಾರಿದ. ಇನ್ನೊಂದು ಒತ್ತಿದಳು, ಗೋಡೆಗೆ ಡಿಕ್ಕಿ ಹೊಡೆದು ಬಿದ್ದ. ಮರುಕ್ಷಣ ಎದ್ದು ನಿಂತ. ಎರಡು ನಿಮಿಷದಲ್ಲಿ ಹನ್ನೊಂದು ಸಲ ಬಿದ್ದ, ಹನ್ನೊಂದು ಸಲ ಎದ್ದ.

ಮಾರನೆಯ ದಿನ ಹನ್ನೆರಡು ಗಂಟೆ ಒಂದು ನಿಮಿಷಕ್ಕೆ, ಎಣ್ಣೆಗಾಗದದಲ್ಲಿ ಸುತ್ತಿದ, ಚೀಸ್ ತುಂಬಿ ಬೇಯಿಸಿದ ಪದರರೊಟ್ಟಿ ಬುರೆಕ್ ಮತ್ತು ಒಂದು ಲೋಟ ಮೊಸರು ಹಿಡಿದು ಅವಳು ಮತ್ತೆ ಬಂದಳು. ಆಮೇಲೆ ದಿನವೂ ಬಂದಳು.

ಗದ್ದಲದ ಬಗ್ಗೆ ದೂರು ಹೇಳಲು ನಾನು ಕೆಳಗಿಳಿದದ್ದು ಆ ಡಿಸೆಂಬರಿನಲ್ಲಿ. ಅವಳನ್ನು ಅಲ್ಲಿ ಕಂಡು ದೂರು ಮರೆತೇ ಹೋಯಿತು.

"ಏನು ನೆವೆಂಕಾ, ಈ ವಯಸ್ಸಲ್ಲಿ?"

"ಇಲ್ಲಿ ಬಿದ್ರೆ ಯಾರೂ ಫಾರ್ಮ್ ತುಂಬು ಅನ್ನಲ್ಲ ಟೀಚರಮ್ಮ" ಎಂದಳು, ಪರದೆಯಿಂದ ಕಣ್ಣು ತೆಗೆಯದೆ.

ಸ್ರೆತೆನ್‌ನ ಕೋಣೆ ಬೆಚ್ಚಗಿತ್ತು, ನನ್ನದು ಇರಲಿಲ್ಲ. ಹಾಗಾಗಿ ನಾನೂ ಹೋಗಿ ಕೂರತೊಡಗಿದೆ. ನಲವತ್ತು ವರ್ಷ ಭೌತಶಾಸ್ತ್ರ ಕಲಿಸಿದವಳಿಗೆ ಅಲ್ಲಿನ ಜಿಗಿತಗಳೆಲ್ಲ ಶುದ್ಧ ಸುಳ್ಳು ಎಂದು ಗೊತ್ತು. ಆದರೂ ಆ ಯುವಕ ಗೋದಾಮಿನ ಸೂರಿನಿಂದ ಹಾರಿ, ಗಾಳಿಯಲ್ಲಿ ಎರಡು ಸುತ್ತು ತಿರುಗಿ, ಕಬ್ಬಿಣದ ಸರಳಿನ ಮೇಲೆ ಕಿಡಿ ಹಾರಿಸುತ್ತ ಜಾರುವಾಗ ನನ್ನ ಕಾಲ ಹೆಬ್ಬೆರಳು ಶೂಸಿನೊಳಗೆ ಮಡಚಿಕೊಳ್ಳುತ್ತಿತ್ತು.

ಆಟದ ಮರ್ಮ ಇಷ್ಟೇ. ಒಂದು ಕಸರತ್ತಿನಿಂದ ಇನ್ನೊಂದಕ್ಕೆ ನಿಲ್ಲದೆ ದಾಟಿದರೆ ಅಂಕಗಳು ಒಂದಕ್ಕೊಂದು ಗುಣಿಸುತ್ತ ಬೆಳೆಯುತ್ತವೆ. ನಾಲ್ಕೂ ಚಕ್ರ ನೆಲಕ್ಕಿಟ್ಟರೆ ಅವು ನಿಮ್ಮವು. ನಡುವೆ ಬಿದ್ದರೆ ಅಷ್ಟೂ ಸೊನ್ನೆ. ಸರದಿಗೆ ಎರಡೇ ನಿಮಿಷ. ಆದರೆ ಸಮಯ ಮುಗಿದರೂ ಕಸರತ್ತುಗಳ ಈ ಸರಪಳಿ ಕಡಿಯುವವರೆಗೆ ಆಟ ಮುಗಿಯುವುದಿಲ್ಲ. ಗಡಿಯಾರ ಸೊನ್ನೆಯಲ್ಲಿ ನಿಂತು ಕಾಯುತ್ತದೆ.

ನೆವೆಂಕಾ ಸಣ್ಣ ಸಣ್ಣ ಸರಪಳಿ ಕಟ್ಟಿ, ಬೇಗ ಇಳಿಸಿ, ಇದ್ದದ್ದನ್ನು ಉಳಿಸಿಕೊಳ್ಳುತ್ತಿದ್ದಳು. ಸಮಯ ಮುಗಿಯುವ ಮೊದಲೇ ಇಳಿದಿರುತ್ತಿದ್ದಳು.

"ಅಂಚೆ ಹಂಚಿದ ಹಾಗೆ ಆಡ್ತೀಯಲ್ಲಕ್ಕ, ಒಂದೊಂದೇ ಲಕೋಟೆ" ಎಂದು ಬಸ್ ಚಾಲಕ ವೆಲಿಮಿರ್ ರೇಗಿಸುತ್ತಿದ್ದ. ಒಂದೇ ಸರಪಳಿಯಲ್ಲಿ ಒಂಬತ್ತು ಲಕ್ಷ ಹನ್ನೆರಡು ಸಾವಿರ ಗಳಿಸಿದವನು ಅವನು. ಗೋಡೆಯ ಹಲಗೆಯ ಮೇಲೆ ಅವನ ಹೆಸರು ಮೊದಲಿತ್ತು. ಅವಳದು ಐದನೆಯದು.

"ಹತ್ತು ಲಕ್ಷ ಮಾಡ್ತೀನಿ ನೋಡ್ತಾ ಇರು."

"ಮಾಡು ಮಾಡು. ಅವತ್ತು ನಾನು ನಿಂಗೆ ಟೋಪಿ ತೆಗೀತೀನಿ."

ವೆಲಿಮಿರ್ ಟೋಪಿ ತೆಗೆದದ್ದನ್ನು ಊರಿನಲ್ಲಿ ಯಾರೂ ಕಂಡಿರಲಿಲ್ಲ.

ಮಾರ್ಚಿನಲ್ಲಿ ಸ್ರೆತೆನ್ ಹಳೆಯ ಯಂತ್ರಗಳನ್ನು ಮಾರಿಬಿಟ್ಟ. ಕಿಕಿಂದಾ ಪಟ್ಟಣದಿಂದ ಗುರುವಾರ ಮಧ್ಯಾಹ್ನ ಒಂದು ಗಂಟೆಗೆ ವ್ಯಾನು ಬರುವುದಿತ್ತು. ಆ ಆಟ ಹೊಸ ಯಂತ್ರದಲ್ಲಿ ಓಡುವುದಿಲ್ಲ. ಅಂದರೆ ನೆವೆಂಕಾಳಿಗೆ ಉಳಿದದ್ದು ಆ ಗುರುವಾರದ ಅರ್ಧ ಗಂಟೆ.

ಅಂದು ನನಗೆ ಒಂದು ಪಾರ್ಸೆಲ್ ಬಿಡಿಸಿಕೊಳ್ಳಬೇಕಿತ್ತು. ಚೀಟಿ ಹಿಡಿದು, ಕಿಟಕಿ ತೆರೆಯುವವರೆಗೆ ಕೆಳಗೆ ಹೋಗಿ ಕೂತೆ. ಕೊನೆಯ ದಿನವಾದ್ದರಿಂದ ಕೋಣೆ ತುಂಬಿತ್ತು, ಸರದಿ ನಿಧಾನವಾಗಿ ಬರುತ್ತಿತ್ತು. ಮೊದಲ ಸರದಿಯಲ್ಲಿ ಅವಳು ನಾಲ್ಕು ಲಕ್ಷದಲ್ಲಿ ಬಿದ್ದಳು. ಎರಡನೆಯದರಲ್ಲಿ ಎಂಬತ್ತು ಸಾವಿರಕ್ಕೇ ಬಿದ್ದಳು. ಮೂರನೆಯ ಸರದಿ ಬರುವಾಗ ಹನ್ನೆರಡು ಇಪ್ಪತ್ತೇಳು. ಬುರೆಕ್ ಬಿಚ್ಚದೆ ಬಿದ್ದಿತ್ತು. ಅವಳು ಕುರ್ಚಿಯ ತುದಿಗೆ ಜರುಗಿ ಕೂತಳು. ನಾನು ಅವಳ ಎಡಕ್ಕಿದ್ದೆ.

ಮೊದಲ ನಿಮಿಷ ಏನೂ ಆಗಲಿಲ್ಲ. ಸರಪಳಿ ಶುರುವಾದದ್ದು ಇಪ್ಪತ್ತು ಸೆಕೆಂಡು ಉಳಿದಾಗ. ಯುವಕ ಬತ್ತಿದ ಕೊಳದ ಅಂಚಿನಿಂದ ಮೇಲೆದ್ದ, ತಿರುಗಿದ, ಅಂಚನ್ನೇ ಹಿಡಿದು ಜಾರಿದ, ಹಿಂದಿನ ಎರಡೇ ಚಕ್ರದ ಮೇಲೆ ಉರುಳುತ್ತ ಸರಳಿಗೆ ಹಾರಿದ. ಒಂದು ಲಕ್ಷ. ಎರಡೂವರೆ. ಗಡಿಯಾರ ಸೊನ್ನೆಗೆ ಬಂತು. ಅವಳು ಇಳಿಸಲಿಲ್ಲ. ನಾಲ್ಕು. ಯುವಕ ಒಂದು ಕಡೆಗೆ ವಾಲಿದ, ಅವಳ ಭುಜವೂ ವಾಲಿತು, ನನ್ನದೂ ವಾಲಿತು. ಐದೂವರೆ.

ನಗರಸಭೆಯ ಗಡಿಯಾರ ಹನ್ನೆರಡೂವರೆಯ ಒಂದು ಪೆಟ್ಟು ಹೊಡೆಯಿತು.

"ಇಳಿಸಕ್ಕ" ಎಂದ ಸ್ರೆತೆನ್. "ಆರು ಲಕ್ಷ ಆಯ್ತು, ನಿಂಗೆ ಇದೇ ಜಾಸ್ತಿ. ಇಳಿಸಿ ಓಡು."

ಅವಳು ಇಳಿಸುತ್ತಾಳೆ ಎಂದು ನಾನು ಪಣ ಕಟ್ಟಲೂ ಸಿದ್ಧಳಿದ್ದೆ. ರಸ್ತೆಯಾಚೆ ಅವಳ ಕಿಟಕಿಯ ಮುಂದೆ ಜನ ನಿಂತಿರುವುದು ನೆಲಮಾಳಿಗೆಯ ಗಾಜಿನಿಂದಲೇ ಕಾಣುತ್ತಿತ್ತು.

"ಟೀಚರಮ್ಮ, ವಾಚ್ ಬಿಚ್ಚಿ."

"ಯಾವ ವಾಚು?"

"ನನ್ನದು. ಕಣ್ಣು ಅದರ ಮೇಲೇ ಹೋಗ್ತಿದೆ. ಬೇಗ ಬಿಚ್ಚಿ, ಕೈ ಅಲ್ಲಾಡಿಸ್ಬೇಡಿ."

ಅವಳ ಹೆಬ್ಬೆರಳುಗಳು ಗುಂಡಿಗಳ ಮೇಲೆ ಕುಣಿಯುತ್ತಿದ್ದವು. ನಾನು ಉಸಿರು ಹಿಡಿದು ಆ ಹಳೆಯ ಚರ್ಮದ ಪಟ್ಟಿಯ ಕೊಕ್ಕೆ ಸಡಿಲಿಸಿದೆ. ವಾಚು ನನ್ನ ಅಂಗೈಗೆ ಬಿತ್ತು. ಅದು ಇದ್ದ ಕಡೆ ಅವಳ ಮಣಿಕಟ್ಟು ಬೆಳ್ಳಗಿತ್ತು.

ಏಳು ಲಕ್ಷ. ಗೋದಾಮಿನ ಸೂರು. ಎಂಟು. ಸೂರಿನಿಂದ ಕ್ರೇನಿನ ತೋಳಿಗೆ ಜಿಗಿದ. ಅಲ್ಲಿಗೆ ಅವಳು ಹಿಂದೆಂದೂ ಹೋದವಳಲ್ಲ. ಒಂಬತ್ತು. ವೆಲಿಮಿರ್ ಗೋಡೆಗೆ ಆತು ನಿಂತಿದ್ದವನು ಮುಂದೆ ಬಂದ.

"ಅಕ್ಕ, ಇಷ್ಟು ಸಾಕು, ನನ್ನದು ದಾಟ್ದೆ..."

"ಬಾಯ್ಮುಚ್ಚು ವೆಲಿಮಿರ್."

ತೋಳಿನ ತುದಿ ಮುಗಿಯಿತು. ಯುವಕ ಗಾಳಿಯಲ್ಲಿದ್ದ, ಕೆಳಗೆ ಖಾಲಿ ಸಿಮೆಂಟು ನೆಲ, ಅವನಿನ್ನೂ ತಿರುಗುತ್ತಲೇ ಇದ್ದ. ಹಲಗೆ ಓರೆಯಾಗಿತ್ತು. ಹೋಯಿತು ಎಂದುಕೊಂಡೆ. ಕೊನೆಯ ಗಳಿಗೆಯಲ್ಲಿ ಅದು ನೇರವಾಯಿತು. ನಾಲ್ಕೂ ಚಕ್ರ ಒಟ್ಟಿಗೆ ನೆಲ ಮುಟ್ಟಿದವು. ಹತ್ತು ಲಕ್ಷದ ನಲವತ್ತೊಂದು ಸಾವಿರದ ಆರುನೂರು.

ಕೋಣೆಯಲ್ಲಿ ಎಂಥ ಗದ್ದಲವೆದ್ದಿತೆಂದರೆ ಯಾರು ಏನೆಂದರೋ ತಿಳಿಯಲಿಲ್ಲ. ನಾನು ಕುರ್ಚಿ ಬಿಟ್ಟೆದ್ದು ನಿಂತಿದ್ದೆ. ವೆಲಿಮಿರ್ ಟೋಪಿ ತೆಗೆದ, ನೆತ್ತಿ ಬೋಳಾಗಿತ್ತು. ನೆವೆಂಕಾ ಹಿಡಿಯನ್ನು ಸ್ರೆತೆನ್‌ಗೆ ಕೊಟ್ಟು, ಕೋಟು ಎತ್ತಿಕೊಂಡು, ಓಡದೆ, ರಸ್ತೆ ದಾಟಿದಳು. ವಾಚು ಹಿಡಿದು ನಾನೂ ಹಿಂದೆ ಹೋದೆ.

ಅವಳು ಆಗಲೇ ಗಾಜಿನ ಹಿಂದೆ ಹೋಗಿದ್ದಳು. ಕಿಟಕಿಯ ಮುಂದೆ ಐದು ಮಂದಿ. ವಾಚು ಕೊಡಲು ನಾನು ಅವರನ್ನು ದಾಟಿ ಗಾಜಿನ ಕೆಳಗಿನ ಸೀಳಿಗೆ ಕೈ ಹಾಕಿದಾಗ ಸಾಲಿನ ಮೊದಲನೆಯವನು ಗದರಿದ, "ಸಾಲು ಕಾಣಲ್ವೇನಮ್ಮ?" ಅವನ ಕಂಕುಳಲ್ಲಿ ಟ್ರ್ಯಾಕ್ಟರಿನ ಯಾವುದೋ ಭಾಗದ ದೊಡ್ಡ ಪೊಟ್ಟಣವಿತ್ತು. ಮತ್ತೆ ಗಾಜಿನ ಕಡೆಗೆ ತಿರುಗಿ, "ಹನ್ನೆರಡು ಮೂವತ್ನಾಲ್ಕು. ನಮ್ಗಾದ್ರೆ ಒಂದು ಸೆಕೆಂಡೂ ಬಿಡಲ್ಲ" ಎಂದ.

ನೆವೆಂಕಾ ರಟ್ಟಿನ ಫಲಕ ತೆಗೆದಳು. ನಾನು ಕೊಟ್ಟ ವಾಚನ್ನು ಮೇಜಿನ ಅಂಚಿನ ಕೆಳಗೆ ಹಿಡಿದಳು. ಪಕ್ಕದಲ್ಲಿ ನಿಂತಿದ್ದ ನನಗೆ ಮಾತ್ರ ಕಾಣುತ್ತಿತ್ತು. ಅದರ ಪಕ್ಕದ ಪುಟ್ಟ ಕೀಲಿಯನ್ನು ಉಗುರಿನಿಂದ ಹೊರಗೆಳೆದು, ಮುಳ್ಳನ್ನು ನಾಲ್ಕು ನಿಮಿಷ ಹಿಂದಕ್ಕೆ ತಿರುಗಿಸಿದಳು. ಪಟ್ಟಿ ಬಿಗಿದುಕೊಂಡು ಮಣಿಕಟ್ಟನ್ನು ಗಾಜಿಗೆ ಹಿಡಿದಳು.

"ನಿಮ್ಮ ಗಡಿಯಾರ ಮುಂದಿದೆ" ಎಂದಳು. "ಪೊಟ್ಟಣ ಕೊಡಿ."