ಕಲ್ಲುತಾವರೆಗಾಗಿ ಕುಮಟೆಗೆ

ಭಟ್ಕಳದಲ್ಲಿ ಬೆಳಗಿನ ಬಸ್ಸು ಹತ್ತಿದಾಗ ನನ್ನ ತೊಡೆಯ ಮೇಲೆ ಖಾಲಿ ಕುಂಡವಿತ್ತು. ಹೆಂಗಸರಿಗೆ ಈಗ ಟಿಕೆಟು ಪುಕ್ಕಟೆ. ಚಿಲ್ಲರೆಯ ಜಗಳವಿಲ್ಲದೆ ಕಂಡಕ್ಟರಿಗೆ ಮಾತಾಡಲು ಪುರುಸೊತ್ತು.

"ಎಂತ ಅಕ್ಕ, ಖಾಲಿ ಕುಂಡ?"

"ಕುಮಟೆಗೆ ಹೋಗಿ ಗಿಡ ತರ್ತೆ."

ಗಿಡವೆಂದರೆ ಕಲ್ಲುತಾವರೆ. ದಪ್ಪ ಎಲೆಗಳು ಸುತ್ತುಸುತ್ತಾಗಿ ಕೂತು, ಕಂಡವರು ಹೂವೆಂದೇ ತಿಳಿಯುವ ಗಿಡ. ಉದುರಿದ ಒಂದೇ ಎಲೆಯಿಂದ ಬೆಳೆಸಿ, ಅದರ ಮರಿಯೊಂದನ್ನು ಕುಮಟೆಯ ಅಕ್ಕನಿಗೆ ಕೊಟ್ಟಿದ್ದೆ. ನನ್ನದು ಈ ಮಳೆಗಾಲದ ಇರಚಲಿಗೆ ಕೊಳೆತುಹೋಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತುಬಿಟ್ಟೆ. ಉಳಿದದ್ದು ಅಕ್ಕನ ಮನೆಯದೊಂದೇ.

ಶರಾವತಿ ಸೇತುವೆಯ ಮೇಲೆ ಚಲೋ ಬಿಸಿಲಿತ್ತು. ಹೊನ್ನಾವರದಲ್ಲಿ ಬಸ್ಸು ನಿಂತಾಗ ಬಿಸಿ ಬನ್ಸ್ ತಿಂದು ಚಹಾ ಕುಡಿದೆ. ಕರ್ಕಿ ದಾಟುವಷ್ಟರಲ್ಲಿ ಎಲ್ಲಿಡಬೇಕು, ಯಾವ ಕಿಟಕಿಗೆ ಎಂದೆಲ್ಲ ಲೆಕ್ಕ ಹಾಕಿಯಾಗಿತ್ತು.

ಅಕ್ಕನ ಮುಖ ಸಪ್ಪಗಿತ್ತು. ಹಿತ್ತಲ ಕಟ್ಟೆಯ ಮೇಲಿನ ಕುಂಡದಲ್ಲಿ ಬೆರಳುದ್ದದ ದಂಟು ಮಾತ್ರ. ತಲೆಯೇ ಇಲ್ಲ!

"ಎಂತ ಆತೇ ಇದಕ್ಕೆ?"

"ಆಯಿ ಕೊಯ್ದ್ರು," ಎಂದು ಪಿಸುಗುಟ್ಟಿದಳು.

ಆಯಿ ಅಂದರೆ ಅವಳ ಅತ್ತೆ. ಬೆಳಗಾದರೆ ಹಿತ್ತಲಲ್ಲಿ ಅರಳಿದ್ದನ್ನೆಲ್ಲ ದೇವರಿಗೆ ಕೊಯ್ಯುವವರು. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಅವರೇ ನಗುತ್ತ ಬಂದರು.

"ತಂಗೀ, ನಿನ್ನ ಹೂ ಎಂತಾ ಹೂವೇ! ಅಮಾಸೆಗೆ ಏರ್ಸಿದ್ದು, ಇನ್ನೂ ಬಾಡ್ಲಿಲ್ಲ. ದಿನಾ ನಿರ್ಮಾಲ್ಯ ತೆಗೂವಾಗ ಅದೊಂದ್ನ ತಿರ್ಗಿ ಅಲ್ಲೇ ಇಡ್ತೆ."

ದೇವರ ಕೋಣೆಗೆ ಓಡಿದೆ. ಗಣಪತಿಯ ಕಿವಿಯ ಪಕ್ಕ ನನ್ನ ಕಲ್ಲುತಾವರೆ! ತಿರುಗಿಸಿ ನೋಡಿದರೆ ಬುಡದಲ್ಲಿ ಗುಲಾಬಿ ಬಣ್ಣದ ಎಳೆ ಬೇರುಗಳು. ಅದನ್ನು ಹಿಡಿದುಕೊಂಡೇ ಮತ್ತೆ ಹಿತ್ತಲಿಗೆ ಓಡಿದೆ. ದಂಟಿನ ಸುತ್ತ ಸಾಸಿವೆಯಷ್ಟು ಮರಿಗಳು. ತಲೆ ಕೊಯ್ದರೆ ದಂಟು ಮರಿ ಹಾಕುವುದು ನನಗೆ ಗೊತ್ತಿತ್ತು; ಕೊಯ್ಯುವ ಧೈರ್ಯ ಮಾತ್ರ ಇರಲಿಲ್ಲ. ಖುಷಿಗೆ ಆಯಿಯನ್ನು ಅಪ್ಪಿಕೊಂಡೆ.

"ಮರಿ ನಿಮಗೆ. ಮಣ್ಣು ಒಣಗದೆ ನೀರು ಹಾಕಬೇಡಿ. ಇದು ನನಗೆ," ಅಂದೆ.

"ದೇವ್ರಿಗೆ ಕೊಟ್ಟದ್ದು ವಾಪಸ್ ಕೇಳ್ತ್ಯಾ?"

"ಪ್ರಸಾದ ಅಂತ ಕೊಡಿ, ಆಯಿ."

"ಪ್ರಸಾದದ ಹೂ ಆದ್ರೆ ಮುಡ್ಕಣ್ಬೇಕು. ತಿರ್ಗು!"

ಊಟ ಮುಗಿಸಿ, ಕುಂಡಕ್ಕೆ ಹೆಂಚಿನ ಚೂರು, ದಪ್ಪ ಮರಳು ತುಂಬಿಕೊಂಡು ಹೊರಟೆ. ಸಂಜೆಯ ಬಸ್ಸಿನಲ್ಲೂ ಅದೇ ಕಂಡಕ್ಟರ್. ಕುಂಡದೊಳಗೆ ಇಣುಕಿದ.

"ಗಿಡ ಸಿಗ್ಲಿಲ್ವಾ ಅಕ್ಕ?"

ನಾನು ತಿರುಗಿ ಜಡೆ ತೋರಿಸಿದೆ.